ಜೀವವನ್ನು ಕಂಡು ಹೆಜ್ಜೆಯಿಟ್ಟ ಆಚಾರ್ಯ

ಹಿಂಗಾರಿನ ದಿನಗಳಲ್ಲಿ ಔರಾದ್ ಮತ್ತು ಭಾಲ್ಕಿಯ ಎರೆಹೊಲಗಳಲ್ಲಿ ಕಡಲೆ, ಜೋಳಗಳು ಚಿಗುರಿ ನಿಂತಾಗ ಕೃಷ್ಣಮೃಗಗಳ ಹಿಂಡು ಮೇಯಲು ಬರುತ್ತದೆ. ದಾರಿಹೋಕರಿಗೆ ಅದು ಕಣ್ಣಿಗೆ ಹಬ್ಬ. ಹೊಲದ ಒಡೆಯನಿಗೆ ವರ್ಷದ ಅನ್ನದ ಪ್ರಶ್ನೆ. ಜೀವದಯೆಯ ಉಪದೇಶವನ್ನು ಬಸದಿಯಲ್ಲಿ ಕುಳಿತು ಕೇಳುವುದು ಸುಲಭ, ಬದುವಿನ ಮೇಲೆ ನಿಂತು ಪಾಲಿಸುವುದು ಕಠಿಣ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಚೈತನ್ಯ ನೀಡಿದ ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು ಈ ಪ್ರಶ್ನೆಯನ್ನು ಮೊದಲು ಎದುರಿಸಿದ್ದು ರೈತನಾಗಿ, ತಮ್ಮ ಮನೆತನದ ಹೊಲದಲ್ಲಿ.

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮವು ವೇದಗಂಗಾ ಮತ್ತು ದೂಧಗಂಗಾ ನದಿಗಳ ಸಂಗಮದ ಬಳಿಯಿದೆ. ಆ ಊರಿನ ಪಾಟೀಲ ಮನೆತನದ ಭೀಮಗೌಡ ಮತ್ತು ಸತ್ಯವತಿ ದಂಪತಿಗಳಿಗೆ 1872ರಲ್ಲಿ ಜನಿಸಿದ ಮಗನೇ ಸಾತಗೌಡ. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿಗೇ ವಿವಾಹವಾಯಿತು. ಕೆಲವೇ ತಿಂಗಳಲ್ಲಿ ಆ ಬಾಲವಧು ತೀರಿಕೊಂಡಳು. ಮುಂದೆ ಮನೆಯವರು ಎಷ್ಟು ಒತ್ತಾಯಿಸಿದರೂ ಸಾತಗೌಡರು ಮರುಮದುವೆಗೆ ಒಪ್ಪದೆ ಬ್ರಹ್ಮಚರ್ಯವನ್ನೇ ಆರಿಸಿಕೊಂಡರು. ದೃಢಕಾಯರಾಗಿದ್ದ ಅವರು ಭೋಜಕ್ಕೆ ಬರುತ್ತಿದ್ದ ವೃದ್ಧ ಮುನಿಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದರು. ಮನೆಯ ಬಟ್ಟೆಯಂಗಡಿಯಲ್ಲಿ ಕುಳಿತಾಗ ಗಿರಾಕಿಗಳೇ ಬಟ್ಟೆ ಅಳೆದುಕೊಂಡು ಹಣವಿಟ್ಟು ಹೋಗುವಷ್ಟು ವಿಶ್ವಾಸ ಅವರಿಗೆ ಜನರ ಮೇಲಿತ್ತು.

ಅದೇ ವಿಶ್ವಾಸವನ್ನು ಅವರು ಹೊಲಕ್ಕಿಳಿಯುವ ಹಕ್ಕಿಗಳ ಮೇಲೂ ಇಟ್ಟರು. ತೆನೆ ಹಾಲುಗಟ್ಟುವ ಕಾಲದಲ್ಲಿ ಸುತ್ತಲಿನ ರೈತರು ಕವಣೆ ಬೀಸಿ ಹಕ್ಕಿಗಳನ್ನು ಓಡಿಸುತ್ತಿದ್ದರೆ ಸಾತಗೌಡರು ಅವುಗಳಿಗೆ ಬೆನ್ನು ತಿರುಗಿಸಿ ಕುಳಿತುಬಿಡುತ್ತಿದ್ದರಂತೆ. ತಿಂದ ಜೀವಕ್ಕೆ ಬಾಯಾರಿಕೆಯೂ ಆಗುವುದೆಂದು ಹೊಲದಲ್ಲಿ ನೀರನ್ನೂ ಇಡುತ್ತಿದ್ದರಂತೆ. ಪಕ್ಕದ ಹೊಲದವರು ನಕ್ಕರು, ಎಚ್ಚರಿಸಿದರು. ಆದರೆ ರಾಶಿ ಮಾಡುವಾಗ ಸಾತಗೌಡರ ಕಣದಲ್ಲಿ ಕಾಳು ಕಡಿಮೆಯಾಗಲಿಲ್ಲವೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಇದನ್ನು ಪವಾಡವೆಂದು ಬಗೆಯುವವರಿದ್ದಾರೆ. ಆದರೆ ಇಲ್ಲಿ ಮುಖ್ಯವಾದದ್ದು ಕಣದ ಲೆಕ್ಕವಲ್ಲ. ಕಾಳು ಉಳಿಯುವುದೋ ಇಲ್ಲವೋ ಎಂದು ತಿಳಿಯುವ ಮುನ್ನವೇ ಅವರು ನೀರಿನ ಪಾತ್ರೆಯನ್ನು ಇಟ್ಟಿದ್ದರು.

ಜೈನಾಗಮವು ಗೃಹಸ್ಥನಿಂದ ಅಸಾಧ್ಯವಾದುದನ್ನು ಕೇಳುವುದಿಲ್ಲ. ಅದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ. ಅಡುಗೆ, ಶುಚಿತ್ವದಂಥ ಮನೆಗೆಲಸಗಳಲ್ಲಿ ಆಗುವುದು ಆರಂಭೀ ಹಿಂಸೆ. ಉಳುಮೆ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ಆತ್ಮರಕ್ಷಣೆಯಲ್ಲಿ ಅನಿವಾರ್ಯವಾಗುವುದು ವಿರೋಧೀ ಹಿಂಸೆ. ಕೊಲ್ಲಲೇಬೇಕೆಂದು ಮನಸ್ಸು ಮಾಡಿ ಕೊಲ್ಲುವುದು ಸಂಕಲ್ಪೀ ಹಿಂಸೆ. ಮೊದಲ ಮೂರನ್ನು ಶ್ರಾವಕನು ಎಚ್ಚರಿಕೆಯಿಂದ ಕಡಿಮೆ ಮಾಡಿಕೊಳ್ಳಬೇಕು. ನಾಲ್ಕನೆಯದನ್ನು ಪೂರ್ಣವಾಗಿ ತ್ಯಜಿಸಬೇಕು. ನೇಗಿಲು ಹೂಡುವ ರೈತನು ಅಹಿಂಸಾಣುವ್ರತಕ್ಕೆ ಹೊರಗಿನವನಲ್ಲ. ಆದರೆ ಉರುಳು ಹಾಕುವುದು, ವಿಷವಿಡುವುದು, ಬೇಲಿಗೆ ವಿದ್ಯುತ್ ಹರಿಸುವುದು ಸಂಕಲ್ಪೀ ಹಿಂಸೆಯ ಬಾಗಿಲಾಗುತ್ತವೆ. ಸಾತಗೌಡರು ಶ್ರಾವಕನ ಈ ಎಲ್ಲೆಯನ್ನೂ ಮೀರಿ ಮುಂದಕ್ಕೆ ಹೋಗಿದ್ದರು. ಮುನಿಧರ್ಮ ಅವರೊಳಗೆ ಆಗಲೇ ಮೊಳೆತಿತ್ತು.

ತಂದೆತಾಯಿಗಳ ಸೇವೆಯನ್ನು ಕೊನೆಯವರೆಗೂ ಮಾಡಿ, ಅವರ ದೇಹಾವಸಾನದ ನಂತರ ನಲವತ್ತು ದಾಟಿದ ವಯಸ್ಸಿನಲ್ಲಿ ಅವರು ಮನೆಯನ್ನು ತೊರೆದರು. ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. ಬಳಿಕ ಗಿರನಾರ ಯಾತ್ರೆಗೆ ಹೋದಾಗ ನೇಮಿನಾಥ ತೀರ್ಥಂಕರರ ಚರಣಗಳೆದುರು ತಾವಾಗಿಯೇ ಐಲಕ ದೀಕ್ಷೆಯನ್ನು ಸ್ವೀಕರಿಸಿದರು. ವಿವಾಹದ ಮೆರವಣಿಗೆಯಲ್ಲಿ ಹೊರಟಿದ್ದ ನೇಮಿಕುಮಾರನು ಔತಣಕ್ಕಾಗಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನ ಕೇಳಿ, ಅವುಗಳನ್ನು ಬಿಡಿಸಿ, ಮದುವೆಯನ್ನೇ ತೊರೆದು ಏರಿದ ಗಿರಿ ಅದು. ಹೊಲದಲ್ಲಿ ಹಕ್ಕಿಗಳಿಗೆ ನೀರಿಟ್ಟ ರೈತನಿಗೆ ಆ ಗಿರಿಯಲ್ಲಿ ವೈರಾಗ್ಯ ಬಲಿತದ್ದು ಸಹಜವೇ ಆಗಿದೆ. 1920ರಲ್ಲಿ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ನಿರ್ಗ್ರಂಥ ಮುನಿದೀಕ್ಷೆಯಾಯಿತು. 1924ರಲ್ಲಿ ಸಮಡೋಳಿಯಲ್ಲಿ ಚತುಸ್ಸಂಘವು ಅವರಿಗೆ ಆಚಾರ್ಯಪದವನ್ನು ಅರ್ಪಿಸಿತು.

ಮುನಿಯಾದ ಮೇಲೆ ಅವರ ಬಳಿ ಉಳಿದದ್ದು ಪಿಂಛಿ, ಕಮಂಡಲು ಮತ್ತು ಶಾಸ್ತ್ರ ಮಾತ್ರ. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಕಟ್ಟಿದ್ದೇ ಪಿಂಛಿ. ಅದು ಧೂಳನ್ನೂ ಬೆವರನ್ನೂ ಹಿಡಿಯುವುದಿಲ್ಲ. ಕಣ್ಣರೆಪ್ಪೆಗೆ ತಾಗಿದರೂ ನೋವಾಗದಷ್ಟು ಮೃದು. ಕೂರುವ ಜಾಗವನ್ನು, ಇಡುವ ವಸ್ತುವನ್ನು ಅದರಿಂದ ಸವರಿ ಸಣ್ಣ ಜೀವಿಗಳನ್ನು ಸರಿಸಿದ ನಂತರವೇ ಮುನಿಯ ಮುಂದಿನ ಕ್ರಿಯೆ. ನಡೆಯುವಾಗ ನಾಲ್ಕು ಮೊಳ ನೆಲವನ್ನು ನೋಡುತ್ತ, ಹಗಲಿನ ಬೆಳಕಿನಲ್ಲಿ ಮಾತ್ರ ಸಾಗುವುದು ಈರ್ಯಾಸಮಿತಿ. ಮಳೆಗಾಲದಲ್ಲಿ ನೆಲದ ತುಂಬ ಹುಲ್ಲು, ಹುಳುಗಳು ಹುಟ್ಟುವುದರಿಂದ ನಾಲ್ಕು ತಿಂಗಳು ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುವುದು ಚಾತುರ್ಮಾಸ. ಆಚಾರ್ಯರು ದಕ್ಷಿಣದಿಂದ ಸಮ್ಮೇದ ಶಿಖರಜಿ, ದೆಹಲಿಗಳವರೆಗೂ ಸಾವಿರಾರು ಮೈಲಿ ಸಾಗಿದ್ದು ಈ ನಿಯಮದಲ್ಲಿಯೇ, ಬರಿಗಾಲಿನಲ್ಲಿಯೇ.

ಗುಹೆ, ಬೆಟ್ಟ, ನಿರ್ಜನ ಗುಡಿಗಳು ಅವರ ಧ್ಯಾನದ ನೆಲೆಗಳಾಗಿದ್ದವು. ಗೋಕಾಕ ಬಳಿಯ ಕೊಣ್ಣೂರಿನ ಗುಹೆಯಲ್ಲಿ ಸಾಮಾಯಿಕದಲ್ಲಿದ್ದಾಗ ಸರ್ಪವೊಂದು ಅವರ ಮೈಮೇಲೆ ಹರಿದಾಡಿದ ಸಂಗತಿ ಭಕ್ತರಲ್ಲಿ ಸುಪ್ರಸಿದ್ಧ. ನೋಡಿದವರು ನಡುಗಿದರು, ಮುನಿಗಳು ಅಲುಗಲಿಲ್ಲ, ಸರ್ಪವು ತನ್ನ ಪಾಡಿಗೆ ಹೊರಟುಹೋಯಿತು. ಇನ್ನೊಂದು ರಾತ್ರಿ ಗುಡಿಯೊಂದರಲ್ಲಿ ಇರುವೆಗಳು ಮುತ್ತಿ ಕಚ್ಚಿದಾಗಲೂ ಬೆಳಗಿನವರೆಗೆ ಅವರು ಆಸನ ಬದಲಿಸಲಿಲ್ಲವೆಂದು ಹೇಳುತ್ತಾರೆ. ಮೈ ಕೊಡವಿದರೆ ನೂರಾರು ಜೀವಗಳು ನಲುಗುತ್ತಿದ್ದವು. ಹಾವು ಕಚ್ಚುವುದು ಬಹುಮಟ್ಟಿಗೆ ಭಯದಿಂದ. ತನ್ನಿಂದ ಯಾವ ಜೀವಿಗೂ ಭಯವಿಲ್ಲವೆಂಬ ಅಭಯದಾನವೇ ಮುನಿಯ ಕವಚ. ಬೀದರ್ ಸಮೀಪದ ಕಮಠಾಣದ ಬಸದಿಯಲ್ಲಿ ಪಾರ್ಶ್ವನಾಥ ಸ್ವಾಮಿಗೆ ಕೈಮುಗಿಯುವವರಿಗೆ ಇದು ಹೊಸ ಪಾಠವಲ್ಲ. ಉರಿಯುವ ಕೊರಡಿನೊಳಗೆ ಸಿಕ್ಕಿದ್ದ ನಾಗಗಳ ಮೇಲೆ ಕರುಣೆ ತೋರಿದವನ ತಲೆಯ ಮೇಲೆ ಮುಂದೆ ನಾಗವೇ ಹೆಡೆಯೆತ್ತಿ ನಿಂತಿತು.

ಆಚಾರ್ಯರ ಬದುಕಿನ ಅತ್ಯಂತ ಕಠಿಣ ನಿರ್ಧಾರವೂ ಈ ಜೀವದಯೆಯಿಂದಲೇ ಹುಟ್ಟಿತು. ವೃದ್ಧಾಪ್ಯದಲ್ಲಿ ಅವರ ದೃಷ್ಟಿ ಮಂದವಾಗುತ್ತ ಬಂದಿತು. ಕಣ್ಣು ಕಾಣದಿದ್ದರೆ ಕೈಹಿಡಿದು ನಡೆಸಲು ಶಿಷ್ಯರಿದ್ದರು, ಸೇವೆಗೆ ಸಾವಿರಾರು ಶ್ರಾವಕರಿದ್ದರು. ಆದರೆ ಕಾಲಡಿಯ ಜೀವಿ ಕಾಣದಿದ್ದರೆ ಈರ್ಯಾಸಮಿತಿ ಉಳಿಯದು. ಅದು ಉಳಿಯದಿದ್ದರೆ ಮಹಾವ್ರತ ಉಳಿಯದು. ದೇಹವನ್ನು ಉಳಿಸಿಕೊಳ್ಳಲು ವ್ರತವನ್ನು ಸಡಿಲಿಸುವ ಬದಲು, ವ್ರತವನ್ನು ಉಳಿಸಿಕೊಂಡು ದೇಹವನ್ನು ಶಾಂತವಾಗಿ ಬಿಡಲು ಅವರು ನಿಶ್ಚಯಿಸಿದರು. ಕುಲಭೂಷಣ, ದೇಶಭೂಷಣ ಮುನಿಗಳ ನಿರ್ವಾಣಭೂಮಿಯಾದ ಕುಂಥಲಗಿರಿಯಲ್ಲಿ 1955ರ ಆಗಸ್ಟ್ 14ರಂದು ಸಲ್ಲೇಖನ ವ್ರತ ಆರಂಭವಾಯಿತು. ಅಂದು ಕುಂಥಲಗಿರಿಯಿರುವ ಉಸ್ಮಾನಾಬಾದ್ ಜಿಲ್ಲೆಯೂ ಬೀದರ್ ಜಿಲ್ಲೆಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ದೇಶದ ಮೂಲೆಮೂಲೆಗಳಿಂದ ಭಕ್ತರು ಅಲ್ಲಿಗೆ ಹರಿದುಬಂದರು. ಆಚಾರ್ಯಪದವನ್ನು ಶಿಷ್ಯ ವೀರಸಾಗರ ಮುನಿಗಳಿಗೆ ಒಪ್ಪಿಸಿ, ಸಕಲ ಜೀವರಾಶಿಯಲ್ಲಿ ಕ್ಷಮೆ ಯಾಚಿಸಿ, ವ್ರತದ 36ನೆಯ ದಿನವಾದ ಸೆಪ್ಟೆಂಬರ್ 18ರ ಪ್ರಾತಃಕಾಲ ಅವರು ಸಮಾಧಿಯನ್ನು ಸಾಧಿಸಿದರು.

ಅವರು ಜನಿಸಿ ಸರಿಯಾಗಿ 100 ವರ್ಷಗಳಾದಾಗ, 1972ರಲ್ಲಿ, ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. ಕೃಷ್ಣಮೃಗಕ್ಕೆ ಅದರಲ್ಲಿ ಉನ್ನತ ರಕ್ಷಣೆಯಿದೆ. ಬೆಳೆಹಾನಿಯಾದ ರೈತನು ಅರಣ್ಯ ಇಲಾಖೆಯಿಂದ ಪರಿಹಾರ ಕೇಳಲು ಅವಕಾಶವಿದೆ. ಅವನಿಗಾಗಿ ಆ ಅರ್ಜಿಯನ್ನು ಬರೆದುಕೊಡುವುದೂ ಅಕ್ಷರಬಲ್ಲ ಶ್ರಾವಕನ ಜೀವದಯೆಯೇ. ಕಾಯ್ದೆಯು ಕೈಯನ್ನು ತಡೆಯಬಲ್ಲದು, ಕಣ್ಣನ್ನು ತೆರೆಸಲಾರದು. ಮುನಿಯ ಮಹಾವ್ರತ ಎಲ್ಲರಿಗೂ ಎಟಕುವುದಿಲ್ಲ. ಆದರೆ ನೋಡಿ ನಡೆಯುವ ಅಭ್ಯಾಸ ಎಲ್ಲರಿಗೂ ಸಾಧ್ಯ. ಕಬ್ಬಿನ ರವದಿಗೆ, ಒಣಹುಲ್ಲಿಗೆ ಬೆಂಕಿಯಿಡದಿರುವುದು, ರಾತ್ರಿ ಹೊಲಗಳ ನಡುವಿನ ರಸ್ತೆಯಲ್ಲಿ ವಾಹನವನ್ನು ನಿಧಾನಿಸುವುದು, ಬೇಸಿಗೆಯಲ್ಲಿ ಬದುವಿನ ಮೇಲೊಂದು ನೀರಿನ ತೊಟ್ಟಿಯಿಡುವುದು ಗೃಹಸ್ಥನ ಈರ್ಯಾಸಮಿತಿ. ಒಂದು ಜೀವಿಯೂ ಕಾಲಡಿಗೆ ಸಿಲುಕಬಾರದೆಂದು ನಡಿಗೆಯನ್ನೇ ನಿಲ್ಲಿಸಿದ ಮಹಾತ್ಮನಿಗೆ, ಕಣ್ಣಿದ್ದವರು ನೋಡಿ ಹೆಜ್ಜೆಯಿಡುವುದಕ್ಕಿಂತ ಮಿಗಿಲಾದ ಪೂಜೆ ಬೇರಿಲ್ಲ.