ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನ ಚರಿತ್ರೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಪಂಚರು ಕುಳಿತು ಹೊಲವನ್ನು ಸಮನಾಗಿ ಹಂಚುವದನ್ನು ನಾವೆಲ್ಲರೂ ಬಲ್ಲೆವು. ಹಿರಿಯ ಮಗನಿಗೆ ಹೆಚ್ಚು ಯಾಕಿಲ್ಲ, ಪಿತ್ರಾರ್ಜಿತ ಹೊಲವನ್ನು ತಂದೆಯು ಮನಸ್ಸಿಗೆ ಬಂದಂತೆ ಮಾರಬಾರದು ಯಾಕೆ ಎಂದು ಕೇಳಿದರೆ, ಅದು ಹಿಂದಿನಿಂದ ಬಂದ ಪದ್ಧತಿ ಎಂದು ಹೇಳುವರು. ಆ ಪದ್ಧತಿಯನ್ನು ಗ್ರಂಥದಲ್ಲಿ ನೆಲೆಗೊಳಿಸಿದ ಪಂಡಿತನು ನಮ್ಮ ಸೀಮೆಗೆ ಸೇರಿದವನೇ. ಅವನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುತ್ತೇವೆ.

ವಿಜ್ಞಾನೇಶ್ವರನು ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟನ ಮಗನು. ಕಲಬುರಗಿ ಜಿಲ್ಲೆಯ ಮರ್ತೂರಿನವರು ಅವನನ್ನು ತಮ್ಮ ಊರಿನವನೆಂದು ಅಭಿಮಾನದಿಂದ ನೆನಸುತ್ತಾರೆ. ಅವನು ಉತ್ತಮನೆಂಬ ಗುರುವಿನ ಶಿಷ್ಯನಾಗಿ ಸನ್ಯಾಸವನ್ನು ಕೈಕೊಂಡನು. 1076ರಿಂದ 1126ರ ವರೆಗೆ ಆಳಿದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ರಾಜಧಾನಿಯಾದ ಕಲ್ಯಾಣದಲ್ಲಿ ಅವನು ಬಾಳಿದನು. ಆಳಂದದ ಈಶಾನ್ಯ ದಿಕ್ಕಿಗಿರುವ ಈಗಿನ ಬಸವಕಲ್ಯಾಣವೇ ಆ ಪಟ್ಟಣವು. ಆಸ್ತಿಯನ್ನು ತೊರೆದ ಸನ್ಯಾಸಿಯೇ ಆಸ್ತಿಯ ನ್ಯಾಯವನ್ನು ಬರೆದನೆಂಬದು ಆಶ್ಚರ್ಯವಾದ ಸಂಗತಿ.

ಅವನು ಸಂಸ್ಕೃತದಲ್ಲಿ ಬರೆದ ಮಿತಾಕ್ಷರವೆಂಬ ಗ್ರಂಥವು ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನವಾಗಿದೆ. ಪಂಡಿತನಾದರೂ ಅವನು ಓಲೆಗರಿಯನ್ನು ಮಾತ್ರ ನೋಡಲಿಲ್ಲ, ಜನರ ನಡತೆಯನ್ನೂ ನೋಡಿದನು. ಇದು ನನ್ನದು, ಅದು ನಿನ್ನದು ಎಂಬ ತಿಳುವಳಿಕೆಯು ಎಲ್ಲಿಂದ ಬಂತು ಎಂದು ವಿಚಾರಿಸಿ, ಅದು ಶಾಸ್ತ್ರದಿಂದಲ್ಲ, ಲೋಕವ್ಯವಹಾರದಿಂದ ಬಂತೆಂದು ಸಾಧಿಸಿದನು. ಶಾಸ್ತ್ರದ ಹೆಸರನ್ನೇ ಕೇಳದ ಗಡಿನಾಡಿನ ಜನರೂ ಕೊಂಡು ಮಾರುತ್ತಾರಲ್ಲವೇ ಎಂಬದು ಅವನ ವಾದವಾಗಿತ್ತು. ಹಿರಿಯ ಮಗನಿಗೆ ಹೆಚ್ಚು ಪಾಲು ಕೊಡಬಹುದೆಂದು ಹಳೆಯ ಸ್ಮೃತಿಗಳಲ್ಲಿ ಇದ್ದಾಗ್ಯೂ, ಲೋಕವು ಅದನ್ನು ದ್ವೇಷಿಸುವದರಿಂದ ಆಚರಿಸಬಾರದೆಂದು ಅವನು ತೀರ್ಮಾನಿಸಿದನು. ಮಗನು ಹುಟ್ಟಿದ ಕೂಡಲೇ ಪಿತ್ರಾರ್ಜಿತದಲ್ಲಿ ಪಾಲುಗಾರನಾಗುವನೆಂದು ಬರೆದನು.

ಸ್ತ್ರೀಯರ ವಿಷಯದಲ್ಲಿಯೂ ಅವನು ಆ ಕಾಲದ ಅನೇಕರಿಗಿಂತ ಉದಾರಿಯಾಗಿದ್ದನು. ಪಾಲಾಗಿ ಬೇರೆಯಾದವನು ಗಂಡುಸಂತಾನವಿಲ್ಲದೆ ಸತ್ತರೆ ಅವನ ಸೊತ್ತು ವಿಧವೆಗೆ, ಆಕೆಯ ತರುವಾಯ ಮಗಳಿಗೆ ಸೇರಬೇಕೆಂದನು. ಮದುವೆಯಾಗದ ಮಗಳಿಗೆ ಗಂಡುಮಗನ ಪಾಲಿನ ಕಾಲುಭಾಗ ನಿಜವಾಗಿ ಸಲ್ಲತಕ್ಕದ್ದೆಂದೂ ಬರೆದನು. ಆದರೆ ಹುಟ್ಟಿನಿಂದ ಬರುವ ಹಕ್ಕನ್ನು ಹೆಣ್ಣುಮಕ್ಕಳಿಗೆ ಕೊಡಲಿಲ್ಲ. ಪತಿತನೆನಿಸಿದವನಿಗೆ ಪಾಲಿಲ್ಲವೆಂಬ ಹಳೆಯ ನಿಯಮವನ್ನೂ ಉಳಿಸಿದನು. ಲೋಕದ ರೂಢಿಯು ಒಳ್ಳೇದಾಗಿದ್ದಲ್ಲಿ ಅವನ ನ್ಯಾಯವು ಒಳ್ಳೇದಾಯಿತು, ರೂಢಿಯು ಕಠಿಣವಾಗಿದ್ದಲ್ಲಿ ನ್ಯಾಯವೂ ಕಠಿಣವಾಯಿತು. ಅವನು ಕೊಟ್ಟ ಆ ಕಾಲುಪಾಲನ್ನು ಸಹ ಮುಂದಿನ ಜನರು ಮದುವೆಯ ವೆಚ್ಚವೆಂದು ಇಳಿಸಿಬಿಟ್ಟರು.

ಅವನು ತೀರಿಹೋಗಿ ಶತಮಾನಗಳು ಕಳೆದ ಮೇಲೆ, 1810ರಲ್ಲಿ ಕೋಲ್‌ಬ್ರೂಕ್ ದೊರೆಯು ಈ ಗ್ರಂಥದ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಿರುಗಿಸಿದನು. ಅಂದಿನಿಂದ ನ್ಯಾಯಸ್ಥಾನಗಳು ಬಂಗಾಳ ಮುಂತಾದ ಕೆಲವು ಸೀಮೆಗಳನ್ನು ಬಿಟ್ಟು ಹೆಚ್ಚಿನ ದೇಶದಲ್ಲಿ ಹಿಂದೂ ಕುಟುಂಬಗಳಿಗೆ ಮಿತಾಕ್ಷರವನ್ನೇ ಆಧಾರ ಮಾಡಿಕೊಂಡವು. ಸ್ವಧರ್ಮವನ್ನು ಬಿಟ್ಟವನು ಇಲ್ಲವೆ ಜಾತಿಯಿಂದ ಹೊರಗಾದವನು ತನ್ನ ಸ್ವಾಸ್ತ್ಯವನ್ನು ಕಳಕೊಳ್ಳಬೇಕಾಗಿಲ್ಲವೆಂಬ ಕಾಯಿದೆಯು 1850ರಲ್ಲಿ ಕಂಪನಿಯ ಸೀಮೆಗಳಲ್ಲಿ ಹುಟ್ಟಿತು. ಆಗ ನಮ್ಮ ತಾಲ್ಲೂಕುಗಳು ನಿಜಾಮರ ಕೈಕೆಳಗಿದ್ದವು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮಗಳನ್ನು ವಾರಸುದಾರಳಾಗಿ ಸೇರಿಸಿತು. ಮಗಳಿಗೂ ಹುಟ್ಟಿನಿಂದಲೇ ಹಕ್ಕುಂಟೆಂದು ಕರ್ನಾಟಕವು 1994ರಲ್ಲಿಯೂ ಇಡೀ ಭಾರತವು 2005ರಲ್ಲಿಯೂ ವಿಧಿಸಿದವು. ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಅನ್ವಯಿಸುತ್ತದೆ. ತಂದೆಯು ಮರಣಶಾಸನ ಬರೆಯದೆ ತೀರಿಹೋದರೆ ಅದರ ಪ್ರಕಾರ ಮಗನಿಗೂ ಮಗಳಿಗೂ ಸಮಪಾಲುಂಟು.

ಹೀಗಿದ್ದರೂ ಹಳ್ಳಿಗಳಲ್ಲಿ ನಡೆಯುವದೇನು? ತಂದೆ ತೀರಿದ ಮೇಲೆ ಅಕ್ಕತಂಗಿಯರನ್ನು ಕರೇಕಳುಹಿಸಿ, ಸೀರೆ ಉಡಿಸಿ, ಊಟಮಾಡಿಸಿ, ಹಕ್ಕು ಬಿಟ್ಟೆನೆಂಬ ಪತ್ರಕ್ಕೆ ರುಜು ಹಾಕಿಸುವರು. ಯಾರೂ ಬಲವಂತ ಮಾಡುವದಿಲ್ಲ. ಆದರೆ ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುವದೆಂದು ಆಕೆಯು ಬಲ್ಲಳು. ಆ ಭಯದಿಂದಲೇ ಬರೆದುಕೊಡುವಳು. ಕಾಯಿದೆಯು ಕಚೇರಿಯಲ್ಲಿರುತ್ತದೆ, ರೂಢಿಯು ಅಡಿಗೆಮನೆಯಲ್ಲಿಯೂ ಇರುತ್ತದೆ. ನಮ್ಮ ಸಭೆಗಳ ಮನೆಗಳಲ್ಲಿಯೂ ಇದು ಇಲ್ಲವೆಂದು ಹೇಳಲಾರೆವು. ಮೋಶೆಯ ಮುಂದೆ ನಿಂತು ತಂದೆಯ ಸ್ವಾಸ್ತ್ಯವನ್ನು ಕೇಳಿದ ಐದು ಮಂದಿ ಹೆಣ್ಣುಮಕ್ಕಳ ಸಂಗತಿಯನ್ನು ನಾವು ಅರಣ್ಯಕಾಂಡದಲ್ಲಿ ಓದುತ್ತೇವೆ. ಅವರು ಕೇಳಿದ್ದು ನ್ಯಾಯವೆಂದೇ ಅಲ್ಲಿ ತೀರ್ಪಾಯಿತು.

ಹಿರಿಯಣ್ಣನ ಹೆಚ್ಚುಪಾಲನ್ನು ಲೋಕವು ಒಲ್ಲೆನೆಂದದ್ದರಿಂದಲೇ ಅದು ನಿಂತುಹೋಯಿತೆಂದು ವಿಜ್ಞಾನೇಶ್ವರನ ಗ್ರಂಥದಿಂದ ಕಲಿತೆವು. ತಂಗಿಗೆ ಪಾಲಿಲ್ಲವೆಂಬ ರೂಢಿಯೂ ಹಾಗೆಯೇ ನಿಲ್ಲತಕ್ಕದ್ದು. ಆದಕಾರಣ ಪಾಲಾಗುವ ದಿನ ಬಂದಾಗ, ಸಹೋದರರೇ, ಕಾಗದದ ಮೇಲೆ ರುಜು ಕೇಳುವದಕ್ಕೆ ಮುಂಚೆ ತಂಗಿಯನ್ನು ಪಂಚರ ನಡುವೆ ಕೂಡ್ರಿಸಿ, ಅವ್ವಾ, ನಿನ್ನ ಪಾಲು ಯಾವ ಮಗ್ಗುಲಿಗೆ ಬೇಕು ಎಂದು ನೀವೇ ಮೊದಲು ಕೇಳಿರಿ. ಆಕೆಯು ಪಾಲನ್ನು ತಕ್ಕೊಂಡರೂ ಬಿಟ್ಟುಕೊಟ್ಟರೂ ತವರಿನ ಬಾಗಿಲು ತೆರೆದೇ ಇರಲಿ.