ಸೆಮ್ಮೆಲ್ವೈಸ್ ವೈದ್ಯನು

ತನ್ನ ಕೈಯಿಂದಲೇ ರೋಗಿಯು ಸಾಯುತ್ತಿರುವಳೆಂದು ಒಪ್ಪಿಕೊಳ್ಳುವುದು ಯಾವ ವೈದ್ಯನಿಗೂ ಸುಲಭವಲ್ಲ. ಹಾಗೆ ಒಪ್ಪಿಕೊಂಡವನೊಬ್ಬನ ಚರಿತ್ರೆಯನ್ನು ನಾವು ವಾಚಕರ ಮುಂದಿಡುತ್ತೇವೆ. ಇಗ್ನಾಜ್ ಸೆಮ್ಮೆಲ್ವೈಸನು 1818ನೆಯ ಇಸವಿ ಜುಲೈ 1ರಂದು ಹಂಗೇರಿಯ ಬುಡಾ ಪಟ್ಟಣದಲ್ಲಿ ವರ್ತಕನೊಬ್ಬನ ಮಗನಾಗಿ ಹುಟ್ಟಿದನು. ವಿಯೆನ್ನಾದಲ್ಲಿ ವೈದ್ಯಶಾಸ್ತ್ರವನ್ನು ಮುಗಿಸಿ, 1846ರಲ್ಲಿ ಅಲ್ಲಿಯ ದೊಡ್ಡಾಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಕ್ಲೈನನ ಸಹಾಯಕನಾದನು.

ಆ ಆಸ್ಪತ್ರೆಯಲ್ಲಿ ಅಂತಹ ವಿಭಾಗಗಳು ಎರಡಿದ್ದುವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಶಿಕ್ಷಣ ಪಡೆಯುತ್ತಿದ್ದರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11ಕ್ಕೂ ಮಿಕ್ಕಿ ಬಾಣಂತಿಯರು ಮಡಿದರು. ಎರಡನೆಯದರಲ್ಲಿ ಮೂವರೂ ಮಡಿಯಲಿಲ್ಲ. ಊರಿನ ಬಡ ಹೆಂಗಸರು ಇದನ್ನರಿತು, ತಮ್ಮನ್ನು ಮೊದಲನೆಯದಕ್ಕೆ ಸೇರಿಸಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರು. ಪಂಡಿತರಾದರೋ ಕೆಟ್ಟ ಗಾಳಿಯನ್ನು ದೂರುತ್ತಿದ್ದರು. ಎರಡು ವಿಭಾಗಗಳಿಗೂ ಗಾಳಿಯು ಒಂದೇ ಎಂಬುದು ಅವರಿಗೆ ಹೊಳೆಯಲಿಲ್ಲ.

1847ರ ಮಾರ್ಚಿಯಲ್ಲಿ ಸೆಮ್ಮೆಲ್ವೈಸನ ಮಿತ್ರನಾದ ಕೊಲೆಟ್ಷ್ಕನು ಶವಚ್ಛೇದದ ಕಾಲದಲ್ಲಿ ವಿದ್ಯಾರ್ಥಿಯ ಚೂರಿ ತಗುಲಿ ತೀರಿಕೊಂಡನು. ಆತನ ದೇಹದಲ್ಲಿ ಕಂಡುಬಂದ ವಿಕಾರಗಳು ಬಾಣಂತಿಯರ ಜ್ವರದ ವಿಕಾರಗಳೇ ಆಗಿದ್ದುವು. ಹೆಣ ಕೊಯ್ದ ಕೈಗಳೇ ನೇರವಾಗಿ ಹೆರಿಗೆಯ ಮಂಚಕ್ಕೆ ಬರುತ್ತಿದ್ದುವು. ಸೂಲಗಿತ್ತಿಯರಿಗೆ ಆ ಕೆಲಸವಿರಲಿಲ್ಲ. ಮೇ ತಿಂಗಳಿನಿಂದ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರಕೂಡದೆಂದು ಆತನು ಕಟ್ಟುಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜೂನಿನಲ್ಲಿ ಎರಡರ ಸುಮಾರಿಗೆ ಇಳಿಯಿತು. 1848ರಲ್ಲಿ ಎರಡು ತಿಂಗಳು ಒಬ್ಬ ಬಾಣಂತಿಯೂ ಸಾಯಲಿಲ್ಲ.

ಇಷ್ಟಾದರೂ ವೈದ್ಯಲೋಕವು ತಲೆದೂಗಲಿಲ್ಲವೇಕೆ? ಆ ನೀರು ಕೈಯ ಚರ್ಮವನ್ನು ಉರಿಸುತ್ತಿತ್ತು. ಕಟ್ಟಳೆ ಮಾಡಿದವನು ಕೇವಲ ಸಹಾಯಕನು. ಸಭ್ಯನಾದ ವೈದ್ಯನ ಕೈ ಮೈಲಿಗೆಯೆಂದರೆ ಮಾನಭಂಗವೆಂದು ತಿಳಿಯುವವರಿದ್ದರು. ಮೇಲಾಗಿ ತೊಳೆಯದ ಕೈಯ ಫಲವು ಕೂಡಲೇ ಕಾಣುವುದಿಲ್ಲ. ರೋಗಿಯು ಸಾಯುವುದು ದಿನಗಳ ಮೇಲೆ. ರೋಗಾಣುಗಳ ಶಾಸ್ತ್ರವೆಲ್ಲ ತಿಳಿದ ಕಾಲದಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಕ್ರೋಡೀಕರಿಸಿದ ಪರಿಶೀಲನೆಗಳಲ್ಲಿ, ಕೈ ತೊಳೆಯಬೇಕಾದ ನೂರು ಸಂದರ್ಭಗಳಲ್ಲಿ ಆಸ್ಪತ್ರೆಯವರು ಸರಾಸರಿ ನಾಲ್ವತ್ತರಲ್ಲಿಯೂ ತೊಳೆದಿರಲಿಲ್ಲ. ದಾದಿಯರಿಗಿಂತ ವೈದ್ಯರೇ ಹಿಂದು. ಜಿನೀವಾದ ಆಸ್ಪತ್ರೆಯೊಂದರಲ್ಲಿ 1994ರಿಂದ ಮೂರು ವರ್ಷಗಳಲ್ಲಿ ಈ ಪ್ರಮಾಣವು 48ರಿಂದ 66ಕ್ಕೆ ಏರಿತು. ಅಲ್ಲಿ ತಿಳಿವಳಿಕೆ ಹೇಳಿದುದರ ಜೊತೆಗೆ ಆಲ್ಕೊಹಾಲ್ ದ್ರಾವಣದ ಸೀಸೆಯನ್ನು ಮಂಚದ ಬಳಿಗೇ ತಂದಿರಿಸಿದ್ದರು. ಬಿಡುವಿಲ್ಲದ ಕೆಲಸಗಾರನಿಗೆ ದೂರದ ತೊಟ್ಟಿಯು ದೊಡ್ಡ ಅಡ್ಡಿಯೇ ಸರಿ.

ಸೆಮ್ಮೆಲ್ವೈಸನಲ್ಲಿಯೂ ದೋಷವಿತ್ತೆಂಬುದನ್ನು ನಾವು ಮರೆಮಾಚಲಾರೆವು. ಗ್ರಂಥವನ್ನು ಆತನು 1861ರವರೆಗೂ ಪ್ರಕಟಿಸಲಿಲ್ಲ. ಒಪ್ಪದವರನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ನಿಂದಿಸಿದನು. 1849ರಲ್ಲಿ ಕೆಲಸ ತಪ್ಪಿ, ಮರುವರ್ಷ ಮಿತ್ರರಿಗೂ ಹೇಳದೆ ವಿಯೆನ್ನಾವನ್ನು ಬಿಟ್ಟು ಪೆಸ್ಟ್ ನಗರವನ್ನು ಸೇರಿದ್ದನು. ಅಲ್ಲಿ ಪ್ರೊಫೆಸರನಾಗಿ ಬಾಣಂತಿಯರನ್ನು ಉಳಿಸಿದರೂ ಮನಸ್ಸು ಕದಡಿತು. 1865ರಲ್ಲಿ ವಿಯೆನ್ನಾದ ಹುಚ್ಚಾಸ್ಪತ್ರೆಯಲ್ಲಿ ಆತನನ್ನು ಇರಿಸಿದರು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಗಾಯವು ಕೊಳೆತು ರಕ್ತಕ್ಕೆ ನಂಜೇರಿ, ತನ್ನ 47ನೆಯ ವಯಸ್ಸಿನಲ್ಲಿ ಆತನು ಮೃತನಾದನು. ಲಿಸ್ಟರನು ಗಾಯಗಳ ನಂಜನ್ನು ತಡೆಯುವ ತನ್ನ ವಿಧಾನವನ್ನು ಪ್ರಕಟಿಸಿದುದು 1867ರಲ್ಲಿ.