ಅಚ್ಚುಕೂಟದಿಂದ ಬರಿಗೈಯಲ್ಲಿ ಹೊರಬಂದ ಮೇಲೆ: ದಾದಾಸಾಹೇಬ್ ಫಾಲ್ಕೆ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಊರುಗಳಲ್ಲಿ ಅಂಗಡಿ ಬೋರ್ಡು ಬರೆದು ಸಂಸಾರ ಸಾಗಿಸಿದವರು, ಫೋಟೋ ಸ್ಟುಡಿಯೋ ನಡೆಸಿದವರು ನಮಗೆಲ್ಲ ಗೊತ್ತು. ಫ್ಲೆಕ್ಸ್ ಬಂದು ಕುಂಚ ಮೂಲೆ ಸೇರಿತು, ಮೊಬೈಲು ಬಂದು ಸ್ಟುಡಿಯೋ ಬಾಗಿಲು ಹಾಕಿತು. ಕಲಿತ ಕಲೆ ಕೈಯಲ್ಲಿದ್ದರೂ ಕೆಲಸ ಇಲ್ಲವೆಂದರೆ ಆ ಸಂಕಟವೇ ಬೇರೆ. ಈ ಸಲ, ಅಂಥ ಸಂಕಟವನ್ನು ಒಂದಲ್ಲ, ಹಲವು ಸಲ ಕಂಡ ಒಬ್ಬ ಹಿರಿಯರ ಜೀವನವನ್ನು ನೆನೆಯೋಣ.

ಧುಂಡಿರಾಜ ಗೋವಿಂದ ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ. ತಂದೆ ಸಂಸ್ಕೃತ ಪಂಡಿತರು. ಮಗನಿಗೆ ಮಾತ್ರ ಚಿತ್ರದ ಹುಚ್ಚು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, ಮುಂದೆ ಬರೋಡೆಯ ಕಲಾಭವನ ಸೇರಿದರು. ಚಿತ್ರ ಬರೆಯುವುದು, ಫೋಟೋ ತೆಗೆಯುವುದು, ಅಚ್ಚಿನ ಬ್ಲಾಕು ಮಾಡುವುದು, ಕೊನೆಗೆ ಜಾದೂ ವಿದ್ಯೆ ಕೂಡ ಕಲಿತರು.

ಮೊದಲ ಪೆಟ್ಟು ಗುಜರಾತಿನ ಗೋಧ್ರಾದಲ್ಲಿ ಬಿತ್ತು. ಅಲ್ಲಿ ಸ್ವಂತ ಫೋಟೋ ಸ್ಟುಡಿಯೋ ತೆರೆದಿದ್ದಾಗ ಪ್ಲೇಗು ಬಂದು ಹೆಂಡತಿಯನ್ನೂ ಮಗುವನ್ನೂ ಕೊಂಡೊಯ್ದಿತು. ಫಾಲ್ಕೆ ಊರು ಬಿಟ್ಟರು. 1902ರಲ್ಲಿ ಮರುಮದುವೆಯಾಯಿತು. ಕೈಹಿಡಿದ ಸರಸ್ವತೀಬಾಯಿಯವರನ್ನು ಮರೆತರೆ ಮುಂದಿನ ಕಥೆಯೇ ಇಲ್ಲ. ಆಮೇಲೆ ಪುರಾತತ್ತ್ವ ಇಲಾಖೆಯಲ್ಲಿ ಫೋಟೋಗ್ರಾಫರರಾಗಿ, ನಕ್ಷೆಕಾರರಾಗಿ ಸರ್ಕಾರಿ ನೌಕರಿ ಸಿಕ್ಕಿತು. ಸ್ವದೇಶಿ ಚಳವಳಿಯ ದಿನಗಳಲ್ಲಿ ಅದನ್ನೂ ಬಿಟ್ಟು, ಪಾಲುದಾರರ ಹಣದಿಂದ ಲೋಣಾವಳೆಯಲ್ಲಿ ಅಚ್ಚುಕೂಟ ಹಾಕಿದರು. ಅದು ಮುಂದೆ ದಾದರಿಗೆ ಬಂದು ಲಕ್ಷ್ಮೀ ಆರ್ಟ್ ಪ್ರಿಂಟಿಂಗ್ ವರ್ಕ್ಸ್ ಆಯಿತು. ಬಣ್ಣದ ಮುದ್ರಣದ ಯಂತ್ರ ತರಲು 1909ರಲ್ಲಿ ಜರ್ಮನಿಗೂ ಹೋಗಿಬಂದರು. ಕೆಲಸಕ್ಕೆ ಒಳ್ಳೆಯ ಹೆಸರಿತ್ತು. ಆದರೆ ಪಾಲುದಾರರೊಂದಿಗೆ ಮನಸ್ತಾಪ ಬೆಳೆಯಿತು. ತಾವೇ ಕಟ್ಟಿದ ಅಚ್ಚುಕೂಟದಿಂದ ಫಾಲ್ಕೆ ಬರಿಗೈಯಲ್ಲಿ ಹೊರಬಂದರು. ವಯಸ್ಸು ನಲವತ್ತು, ಮನೆಯಲ್ಲಿ ಸಣ್ಣ ಮಕ್ಕಳು.

1911ರಲ್ಲಿ ಮುಂಬಯಿಯ ಗಿರಗಾಂವಿನ ಡೇರೆಯಲ್ಲಿ ಏಸುಕ್ರಿಸ್ತನ ಜೀವನದ ಚಲನಚಿತ್ರವೊಂದನ್ನು ಅವರು ನೋಡಿದರು. ಪರದೆಯ ಮೇಲೆ ಕ್ರಿಸ್ತ ನಡೆದಾಡುತ್ತಿದ್ದರೆ, ರಾಮ ಕೃಷ್ಣರು ಹೀಗೆ ನಡೆದಾಡುವುದು ಎಂದು ಎಂಬ ಯೋಚನೆ ತಲೆ ಹೊಕ್ಕಿತು. ಮತ್ತೆ ಮತ್ತೆ ಚಿತ್ರ ನೋಡಿ, ಸಿಕ್ಕ ಪುಸ್ತಕಗಳನ್ನು ಓದಿ, ರಾತ್ರಿ ನಿದ್ದೆಗೆಟ್ಟು ಪ್ರಯೋಗ ಮಾಡಿ ಕಣ್ಣು ಕೆಡಿಸಿಕೊಂಡರು. ಸ್ವಲ್ಪ ಕಾಲ ದೃಷ್ಟಿಯೇ ಹೋಗಿತ್ತು, ವೈದ್ಯರ ಉಪಚಾರದಿಂದ ಮರಳಿತು. ನೆಂಟರಿಷ್ಟರಿಗೆ ಇದು ತಲೆಕೆಟ್ಟವರ ಕೆಲಸವಾಗಿ ಕಂಡರೆ ಆಶ್ಚರ್ಯವಿಲ್ಲ.

ಜೀವವಿಮೆ ಪಾಲಿಸಿಯನ್ನು ಒತ್ತೆಯಿಟ್ಟು 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹೊರಟರು. ಅಲ್ಲಿ ಪರಿಚಯದವರಿರಲಿಲ್ಲ. ಸಿನಿಮಾ ವಾರಪತ್ರಿಕೆಯೊಂದರ ಕಚೇರಿಗೆ ನೇರವಾಗಿ ಹೋಗಿ ಸಂಪಾದಕರ ಸ್ನೇಹ ಗಳಿಸಿದರು. ಅವರ ಮೂಲಕ ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೋ ನೋಡಿ ಕೆಲಸ ಕಲಿತು, ವಿಲಿಯಮ್‌ಸನ್ ಕ್ಯಾಮರಾ ಕೊಂಡು ತಿಂಗಳೊಪ್ಪತ್ತಿನಲ್ಲೇ ಮರಳಿದರು.

ಹಣ ಹಾಕುವವರನ್ನು ಒಪ್ಪಿಸಲು ಅವರು ಮಾಡಿದ ಉಪಾಯ ಸೊಗಸಾದದ್ದು. ಕುಂಡದಲ್ಲಿ ಬಟಾಣಿ ಬಿತ್ತಿ, ಕ್ಯಾಮರಾವನ್ನು ಅಲುಗಿಸದೆ ತಿಂಗಳಿಗೂ ಹೆಚ್ಚು ಕಾಲ ದಿನವೂ ಸ್ವಲ್ಪ ಸ್ವಲ್ಪವೇ ಚಿತ್ರ ತೆಗೆದರು. ಪರದೆಯ ಮೇಲೆ ಬೀಜ ಮೊಳೆತು ಬಳ್ಳಿಯಾಗಿ ಹಬ್ಬುವುದು ಕ್ಷಣಮಾತ್ರದಲ್ಲಿ ಕಾಣಿಸಿತು. ಸಾಲ ಹುಟ್ಟಿತು. ಸಾಲದ್ದಕ್ಕೆ ಸರಸ್ವತೀಬಾಯಿ ಮೈಮೇಲಿನ ಒಡವೆ ಬಿಚ್ಚಿಕೊಟ್ಟರು.

ಅವರ ಪಾಲು ಒಡವೆಗೇ ಮುಗಿಯಲಿಲ್ಲ. ಫಿಲ್ಮಿನ ಅಂಚಿಗೆ ತೂತು ಹೊಡೆಯುವುದು, ರಸಾಯನ ಬೆರೆಸಿ ಫಿಲ್ಮು ತೊಳೆಯುವುದು, ಬಿಸಿಲಿನಲ್ಲಿ ಬಿಳಿ ಬಟ್ಟೆ ಹಿಡಿದು ನಿಂತು ನಟರ ಮೇಲೆ ಬೆಳಕು ಬೀಳಿಸುವುದು, ಜೊತೆಗೆ ಇಡೀ ತಂಡಕ್ಕೆ ಅಡುಗೆ ಮಾಡಿ ಬಡಿಸುವುದು, ಎಲ್ಲವೂ ಅವರ ಹೆಗಲ ಮೇಲಿತ್ತು. ತಾರಾಮತಿಯ ಪಾತ್ರಕ್ಕೆ ಹೆಣ್ಣುಮಕ್ಕಳು ಸಿಗಲಿಲ್ಲ. ಹೋಟೆಲಿನಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಯುವಕ ಸೀರೆಯುಟ್ಟ. ರೋಹಿತನ ಪಾತ್ರ ಫಾಲ್ಕೆಯವರ ಮಗ ಭಾಲಚಂದ್ರನದು. ಹೀಗೆ ತಯಾರಾದ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಗಿರಗಾಂವಿನ ಕಾರೊನೇಷನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ಅದು ಹೆಸರಾಗಿದೆ.

ಗಮನಿಸಿ ನೋಡಿದರೆ ಫಾಲ್ಕೆ ಹಳೆಯದೇನನ್ನೂ ಬಿಸಾಡಲಿಲ್ಲ. ಗೋಧ್ರಾದ ಕ್ಯಾಮರಾ ಕೈಚಳಕ, ಅಚ್ಚುಕೂಟದಲ್ಲಿ ಪಳಗಿದ ರಸಾಯನದ ತಿಳಿವು, ಕಲಾಶಾಲೆಯ ಬಣ್ಣದ ಪರದೆ, ಜಾದೂಗಾರನ ಕಣ್ಕಟ್ಟು, ಎಲ್ಲವೂ ಸಿನಿಮಾದಲ್ಲಿ ಕೆಲಸಕ್ಕೆ ಬಂದವು. ನಾಸಿಕಕ್ಕೆ ಹೋದ ಮೇಲೆ 1917ರಲ್ಲಿ ತೆಗೆದ ‘ಲಂಕಾ ದಹನ’ಕ್ಕೆ ಜನ ಮುಗಿಬಿದ್ದರು. ಟಿಕೆಟಿನ ಚಿಲ್ಲರೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರೆಂಬ ಮಾತು ಇಂದಿಗೂ ಪ್ರಸಿದ್ಧ.

ಆದರೆ ಕಥೆ ಇಲ್ಲಿಗೇ ಸುಖವಾಗಿ ಮುಗಿಯುವುದಿಲ್ಲ. ಪಾಲುದಾರರೊಂದಿಗೆ ಕಟ್ಟಿದ ಹಿಂದೂಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪನಿಯಲ್ಲೂ ಅಚ್ಚುಕೂಟದ ಜಗಳವೇ ಮರುಕಳಿಸಿತು. ಬೇಸತ್ತು ಕಾಶಿಗೆ ಹೋಗಿ ‘ರಂಗಭೂಮಿ’ ಎಂಬ ಮರಾಠಿ ನಾಟಕ ಬರೆದರು. ಕೆಲವು ವರ್ಷಗಳ ಮೇಲೆ ಅದೇ ಕಂಪನಿಗೆ ಮರಳಿ ಬಂದರೂ ಹಳೆಯ ಹಿಡಿತ ಇರಲಿಲ್ಲ. ಅಷ್ಟರಲ್ಲಿ ಮಾತಿನ ಚಿತ್ರಗಳ ಕಾಲ ಬಂತು. ಮೂಕಿಯಾಗಿ ತೆಗೆದ ‘ಸೇತುಬಂಧನ’ಕ್ಕೆ ಆಮೇಲೆ ಮಾತು ಜೋಡಿಸಬೇಕಾಯಿತು. ಕೊನೆಯ ಚಿತ್ರ ‘ಗಂಗಾವತರಣ’ 1937ರಲ್ಲಿ ಕೊಲ್ಲಾಪುರದಲ್ಲಿ ತಯಾರಾಯಿತು. ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಚಿತ್ರೀಕರಣಗೊಂಡದ್ದೂ ಅದೇ ಕೊಲ್ಲಾಪುರದಲ್ಲಿ, ಕೆಲವೇ ವರ್ಷ ಮೊದಲು. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ಫಾಲ್ಕೆ ತೀರಿಕೊಂಡಾಗ ಅವರು ಹುಟ್ಟುಹಾಕಿದ ಉದ್ಯಮ ಅವರನ್ನು ಬಹುಮಟ್ಟಿಗೆ ಮರೆತಿತ್ತು.

ಮುಂದೆ ಅವರ ಹೆಸರಿನಲ್ಲಿ ರಾಷ್ಟ್ರ ಪ್ರಶಸ್ತಿ ಬಂತು. ನಮ್ಮ ಡಾ. ರಾಜ್‌ಕುಮಾರ್ ಅವರಿಗೂ, ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿ ಅವರಿಗೂ ಅದು ಸಂದಿದೆ. ಪ್ರಶಸ್ತಿಯ ಸುದ್ದಿ ಓದುವಾಗ ಹರಿಶ್ಚಂದ್ರನ ಜೊತೆಗೆ, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ ನಲವತ್ತರ ಫಾಲ್ಕೆಯವರನ್ನೂ, ಬಿಸಿಲಿನಲ್ಲಿ ಬಿಳಿ ಬಟ್ಟೆ ಹಿಡಿದು ನಿಂತ ಸರಸ್ವತೀಬಾಯಿಯವರನ್ನೂ ನೆನೆಯೋಣ. ನಮ್ಮ ನಡುವೆ ಕೆಲಸ ಕಳೆದುಕೊಂಡ ಕಲಾವಿದರಿದ್ದರೆ, ಕಲಿತ ವಿದ್ಯೆ ವ್ಯರ್ಥವಾಯಿತೆಂದು ಅವರು ಭಾವಿಸಬೇಕಿಲ್ಲ. ಅವರ ಬೆನ್ನಿಗೆ ನಾವು ನಿಲ್ಲೋಣ.